ಒಲೆಯ ಮೊಳೆಗೆ ನೇತುಹಾಕಿದ ಕನ್ನಡಕಗಳು

೧೯೩೬ನೇ ಇಸವಿ ಜುಲೈ ಐದು, ಭಾನುವಾರ, ಬೆಳಿಗ್ಗೆ ಹತ್ತೂವರೆ ಗಂಟೆ. ನಮ್ಮ ಕನ್ನಡಕದ ಧರ್ಮಕಾರ್ಯ ಶುರುವಾದದ್ದು ಆಗ, ಕೋಲಾರದ ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಸಾಹೇಬರ ಅಂಗಡಿಯಲ್ಲಿ. ಗಂಟೆಯನ್ನು ಇಷ್ಟು ಖಚಿತವಾಗಿ ಹೇಳಬಲ್ಲೆ. ಅವರ ಗೋಡೆಯ ಮೇಲೆ ಹತ್ತಾರು ಗಡಿಯಾರಗಳಿದ್ದವು, ಒಂದೊಂದೂ ಒಂದೊಂದು ಗಂಟೆ ತೋರಿಸುತ್ತಿತ್ತು. ಯಾವುದನ್ನು ನಂಬಬೇಕೆಂದು ನಾನು ಕೇಳಿದ್ದೆ, ಅವರು ಬೆರಳು ಮಾಡಿ ತೋರಿಸಿದ್ದರು. ಮನೆಗೆ ಹೋಗಿ ದಿನಚರಿಯಲ್ಲಿ ಅದನ್ನೇ ಬರೆದುಕೊಂಡೆ.

ಆಗ ನನಗೆ ಹತ್ತೊಂಬತ್ತು ವರ್ಷ. ವಕೀಲರೊಬ್ಬರ ಕಚೇರಿಯಲ್ಲಿ ನಕಲು ಬರೆಯುವ ಕೆಲಸ. ಅಪ್ಪ ತೀರಿಕೊಂಡು ಎರಡು ತಿಂಗಳಾಗಿತ್ತು. ಅವರ ಕನ್ನಡಕ ಗೂಡಿನಲ್ಲೇ ಇತ್ತು. ಪಂಚೆ, ಕೊಡೆ, ಚಪ್ಪಲಿ ಎಲ್ಲವನ್ನೂ ಯಾರಿಗಾದರೂ ಕೊಟ್ಟಾಗಿತ್ತು. ಕನ್ನಡಕವನ್ನು ಕೇಳುವವರು ಯಾರೂ ಇರಲಿಲ್ಲ. ಸತ್ತವರ ಕನ್ನಡಕ ಹಾಕಿಕೊಂಡರೆ ಅವರು ಕೊನೆಯಲ್ಲಿ ಕಂಡದ್ದೇ ನಮಗೂ ಕಾಣುತ್ತದೆ ಎಂಬ ಮಾತು ನಮ್ಮ ಕಡೆ ಇತ್ತು. ಅದನ್ನು ಮನೆಯಲ್ಲಿಟ್ಟುಕೊಳ್ಳುವ ಹಾಗಿಲ್ಲ, ಎಸೆಯುವ ಹಾಗೂ ಇಲ್ಲ. ಅಮ್ಮ ಅದನ್ನು ಮಾರಿ ಬಾ ಎಂದಿದ್ದಳು.

ಸಾಹೇಬರು ಅದನ್ನು ತಿರುಗಿಸಿ ನೋಡಿ ಬೆಲೆ ಹೇಳಲಿಲ್ಲ. ಮೇಜಿನ ಖಾನೆ ಎಳೆದು ತೋರಿಸಿದರು. ಅದರ ತುಂಬ ಕನ್ನಡಕಗಳೇ.

"ರಿಪೇರಿಗೆ ಕೊಟ್ಟೋರು ತೀರ್ಕೊಂಡ್ರು ಬೇಟಾ. ಮನೆಯೋರು ವಾಪಸ್ ಕೇಳೋಕ್ಕೇ ಬರಲ್ಲ. ನಾನು ಯಾರಿಗೆ ಮಾರ್ಲಿ? ನಿಮ್ಮಪ್ಪಂದೂ ಇಲ್ಲೇ ಸೇರ್ಸು, ಜೊತೆ ಆಗ್ತದೆ."

ಅಷ್ಟರಲ್ಲಿ ಎದುರು ಜಗಲಿಯ ಮೇಲೆ ವೀಳ್ಯದೆಲೆ ಮಾರುವ ಅಜ್ಜಿ ಒಂದು ನಾಣ್ಯ ಹಿಡಿದುಕೊಂಡು ಬಂದಳು. ಅದು ಸವಕಲೋ ಅಲ್ಲವೋ ನೋಡಿ ಹೇಳಬೇಕಿತ್ತು. ದಿನಕ್ಕೆ ನಾಲ್ಕು ಸಲವಾದರೂ ಹೀಗೆ ಬರುತ್ತಾಳಂತೆ. ಸಾಹೇಬರಿಗೆ ರೇಗಿತೋ ಏನೋ, ಅಪ್ಪನ ಕನ್ನಡಕವನ್ನೇ ತೆಗೆದು ಅವಳ ಮೂಗಿನ ಮೇಲೆ ಕೂರಿಸಿಬಿಟ್ಟರು. ಅಜ್ಜಿ ನಾಣ್ಯ ನೋಡಿದಳು. ಆಮೇಲೆ ತನ್ನ ಕೈ ನೋಡಿಕೊಂಡಳು.

"ಅಯ್ಯೋ, ನನ್ ಕೈ ಇಷ್ಟು ಕೊಳೆಯಾಗೈತಾ! ಈ ಕೈಯಾಗೇ ಎಲ್ಲಾರ್ಗೂ ಎಲೆ ಕೊಟ್ಟೆನಾ?" ಎಂದು ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ತಗೊಂಡ್ ಹೋಗವ್ವ. ಇನ್ಮೇಲೆ ನಾಣ್ಯ ನೀನೇ ನೋಡ್ಕೋ, ನನ್ ಜೀವ ಉಳೀತದೆ" ಎಂದರು ಸಾಹೇಬರು.

ಶುರುವಾದದ್ದು ಇಷ್ಟರಿಂದಲೇ. ಸಭೆಯಿರಲಿಲ್ಲ, ಹೆಸರಿರಲಿಲ್ಲ. ಅಜ್ಜಿ ಸಂತೆಯಲ್ಲಿ ಹೇಳಿದಳು, ಜನ ಬಂದರು. ಖಾನೆ ಖಾಲಿಯಾದ ಮೇಲೆ ನಾನು ಸಾವಾದ ಮನೆಗಳಿಗೆ ಹೋಗಿ ಕೇಳತೊಡಗಿದೆ. ಹದಿಮೂರು ದಿನ ಕಳೆಯುವವರೆಗೆ ಕೇಳಬಾರದೆಂದು ನಾವಿಬ್ಬರೂ ಗೊತ್ತುಮಾಡಿಕೊಂಡಿದ್ದೆವು. ಎಷ್ಟೋ ಮನೆಗಳಲ್ಲಿ ಅದನ್ನು ಕೊಡುವಾಗ ಹೆಂಗಸರ ಮುಖದಲ್ಲಿ ಹೊರೆ ಇಳಿದ ಹಾಗೆ ಕಾಣುತ್ತಿತ್ತು. ತೆಗೆದುಕೊಳ್ಳುವವರ ಹೆದರಿಕೆಗೆ ಸಾಹೇಬರು ಒಂದು ಉಪಾಯ ಮಾಡಿದ್ದರು. ಅವರೆದುರಿಗೇ ಗಾಜನ್ನು ಅರಿಶಿನದ ಬಿಸಿನೀರಿನಲ್ಲಿ ತೊಳೆದು, ಹಳೆಯ ಕಡ್ಡಿಗಳನ್ನು ಕಿತ್ತು, ಬೇರೆ ಕಡ್ಡಿ ಹಾಕಿಕೊಡುತ್ತಿದ್ದರು. "ಗಾಜು ಸತ್ತೋರ್ದು, ಕಡ್ಡಿ ನಂದು. ನಾನು ಬದುಕಿದ್ದೀನಲ್ಲ? ಕಿವಿಗೆ ಸಿಕ್ಕಿಸ್ಕೊಳ್ಳೋದು ಕಡ್ಡಿ ತಾನೇ?" ಎನ್ನುವರು. ಜನ ಒಪ್ಪಿಕೊಂಡರು.

ಯಾರಿಗೆ ಯಾವ ಗಾಜು ಎಂದು ಗೊತ್ತುಮಾಡುವುದು ಹೇಗೆ? ಬಂದವರಲ್ಲಿ ಹೆಚ್ಚಿನವರಿಗೆ ಅಕ್ಷರ ಬರುತ್ತಿರಲಿಲ್ಲ, ಹಾಗಾಗಿ ಓದಿಸಿ ನೋಡುವಂತಿರಲಿಲ್ಲ. ಸಾಹೇಬರು ಒಂದು ತಟ್ಟೆಯಲ್ಲಿ ಅಕ್ಕಿ ಹರಡಿ, ಅದಕ್ಕೆ ಒಂದು ಚಿಟಿಕೆ ಬಿಳಿ ಕಲ್ಲು ಬೆರೆಸಿದರು. ಒಂದೊಂದೇ ಕನ್ನಡಕ ಹಾಕಿಸುವುದು, ಕಲ್ಲು ಆರಿಸಲು ಹೇಳುವುದು. ಯಾವುದರಲ್ಲಿ ಕಲ್ಲೆಲ್ಲ ಹೊರಗೆ ಬಂತೋ ಅದು ಅವರದು. ನಾನು ಪಕ್ಕದಲ್ಲಿ ಕುಳಿತು ಊರು, ವಯಸ್ಸು, 'ಸರಿಹೋಯಿತು' ಅಥವಾ 'ಸರಿಹೋಗಲಿಲ್ಲ' ಎಂದು ಬರೆದುಕೊಳ್ಳುತ್ತಿದ್ದೆ. ಬುಧವಾರ ಒಂದೂರು, ಭಾನುವಾರ ಇನ್ನೊಂದೂರು ಎಂದು ತಟ್ಟೆ, ಅಕ್ಕಿ, ಪೆಟ್ಟಿಗೆ ಹೊತ್ತು ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು ಸಂತೆಗಳನ್ನು ಸುತ್ತಿದೆವು. ಖರ್ಚಿಗೆ ಅಂಗಡಿಯಲ್ಲಿ ಒಂದು ಡಬ್ಬಿ ಇತ್ತು. ಗಡಿಯಾರ ಬಿಡಿಸಿಕೊಳ್ಳಲು ಬಂದವರು ಚಿಲ್ಲರೆಯನ್ನು ಅದಕ್ಕೆ ಹಾಕುತ್ತಿದ್ದರು. ಸಂತೆಯಲ್ಲಿ ಜನ ಒಂದು ಸೇರು ರಾಗಿಯನ್ನೋ ಹುಣಸೆಹಣ್ಣನ್ನೋ ಕೊಡುತ್ತಿದ್ದರು, ಬೇಡವೆಂದರೆ ಅವರಿಗೆ ಕೋಪ ಬರುತ್ತಿತ್ತು.

ಕಲ್ಲು ಆರಿಸಲಾರದವರು ಕೆಲವರಿದ್ದರು. ಸಾಹೇಬರು ಅವರನ್ನು ಬಿಸಿಲಿಗೆ ಕರೆದು ರೆಪ್ಪೆ ಎತ್ತಿ ನೋಡುತ್ತಿದ್ದರು. ಕಣ್ಣಿನಲ್ಲಿ ಬಿಳಿಯ ಪೊರೆ ಕಂಡರೆ ನನ್ನ ಕಡೆ ತಿರುಗಿ ತಲೆ ಆಡಿಸುವರು. ಇದಕ್ಕೆ ಗಾಜಲ್ಲ, ಬೆಂಗಳೂರಿನ ಕಣ್ಣಾಸ್ಪತ್ರೆಯೇ ಆಗಬೇಕು ಎಂದರ್ಥ. ಮಾಲೂರಿನಲ್ಲಿ ಅವರ ತಂಗಿಯ ಮನೆ ಸ್ಟೇಷನ್ನಿಗೆ ಹತ್ತಿರವಿತ್ತು. ಹಿಂದಿನ ದಿನವೇ ಅಲ್ಲಿಗೆ ಬಂದು ಉಳಿದು, ಬೆಳಗಿನ ರೈಲಿಗೆ ಹೋಗುವುದು. ಡಬ್ಬಿಯ ಹಣವೆಲ್ಲ ಕ್ರಮೇಣ ಈ ರೈಲಿನ ಚಾರ್ಜಿಗೇ ಹೋಗತೊಡಗಿತು. ಲಕ್ಕೂರಿನ ಕುಂಬಾರನೊಬ್ಬ ಹೀಗೆ ಹೋಗಿ, ಕಣ್ಣಿನ ಪೊರೆ ತೆಗೆಸಿಕೊಂಡು ಬಂದು, ನಮ್ಮಿಬ್ಬರನ್ನೂ ಹಿಂದೆ ಮುಂದೆ ತಿರುಗಿಸಿ ನೋಡಿ, "ನೀವಿಬ್ರೂ ಇಷ್ಟು ಸಣ್ಣಕಿದೀರಾ? ದನಿ ಕೇಳಿ ಏನೋ ಅಂದ್ಕೊಂಡಿದ್ದೆ" ಎಂದ. ಸಾಹೇಬರು ಆ ದಿನ ಅಂಗಡಿ ಬೇಗ ಮುಚ್ಚಿ ನನಗೆ ಹೋಟೆಲಿನಲ್ಲಿ ತಿಂಡಿ ಕೊಡಿಸಿದರು. "ಕನ್ನಡಕ ಬರೀ ನೆಪ ಬೇಟಾ. ನಿಜವಾದ ಕೆಲಸ ಈ ರೈಲು" ಎಂದರು. ಆ ಮೂರು ವರ್ಷಗಳು ನಮ್ಮ ಕೆಲಸದಲ್ಲಿ ಒಳ್ಳೆಯವು. ಮುಂದೆ ಬರೆಯುವುದರಲ್ಲಿ ಒಳ್ಳೆಯದು ಹೆಚ್ಚಿಲ್ಲ.

ಇಲ್ಲಿ ನನ್ನ ಸೋದರತ್ತೆಯ ವಿಷಯ ಹೇಳಬೇಕು. ಅಪ್ಪನ ಅಕ್ಕ. ಚಿಕ್ಕಂದಿನಲ್ಲೇ ಗಂಡ ಹೋಗಿ, ಶ್ರೀನಿವಾಸಪುರದಲ್ಲಿ ಒಬ್ಬಳೇ ಇದ್ದಳು. ಒಬ್ಬ ಸಾಹುಕಾರರ ಚರಕದ ಮನೆಯಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ. ಕುದಿಯುವ ನೀರಿನಲ್ಲಿ ಗೂಡುಗಳು ಕುಣಿಯುತ್ತಿರುತ್ತವೆ. ಒಂದೊಂದು ಗೂಡಿನ ಎಳೆಯ ತುದಿ ಹಿಡಿದು, ನಾಲ್ಕಾರು ಎಳೆ ಸೇರಿಸಿ ಚರಕಕ್ಕೆ ಕೊಡಬೇಕು. ಎಳೆ ಕಡಿದರೆ ತಕ್ಷಣ ಇನ್ನೊಂದನ್ನು ಸೇರಿಸಬೇಕು. ಹೀಗೆ ಎಳೆ ಹಿಡಿಯುವವರು ಕೂರುವ ಜಾಗಕ್ಕೆ 'ಒಲೆ' ಎನ್ನುತ್ತಿದ್ದರು. ಒಲೆ ಸಿಕ್ಕವಳಿಗೆ ಮರ್ಯಾದೆ, ಕೂಲಿ ಎರಡೂ ಹೆಚ್ಚು. ಒಲೆ ಕಳೆದುಕೊಂಡವಳು ಚರಕ ತಿರುಗಿಸಬೇಕು, ಇಲ್ಲವೇ ಮನೆಗೆ ಹೋಗಬೇಕು. ಅತ್ತೆಯ ಒಲೆ ಬಾಗಿಲಿಗೆ ಹತ್ತಿರದ್ದು, ಗಾಳಿ ಬರುವ ಜಾಗ. ನನ್ನ ಶಾಲೆಯ ಫೀಸು ಆ ಒಲೆಯಿಂದಲೇ ಬಂದದ್ದು.

೧೯೩೮ರಲ್ಲಿ ಅವಳು, "ಯಾಕೋ ಎಳೆ ಮಸಕು ಮಸಕು ಕಾಣ್ತೈತಪ್ಪಾ" ಎಂದಳು. ಸಂತೆಯಲ್ಲಿ ನಮ್ಮ ತಟ್ಟೆಯ ಮುಂದೆ ಕೂರಿಸಿದೆವು. ಮೂರನೆಯ ಕನ್ನಡಕಕ್ಕೆ ಕಲ್ಲೆಲ್ಲ ಹೊರಗೆ ಬಂತು. 'ಸರಿಹೋಯಿತು' ಎಂದು ಬರೆದೆ. ನನಗೆ ತುಂಬ ಸಂತೋಷವಾಗಿತ್ತು.

ಮರುವರ್ಷ ಯುದ್ಧ ಶುರುವಾಯಿತು. ಹೊರದೇಶದಿಂದ ಬರುತ್ತಿದ್ದ ಗಾಜು ನಿಂತಿತು, ಬೆಲೆ ಏರಿತು. ಸತ್ತವರ ಮನೆಯವರು ಈಗ ಕನ್ನಡಕವನ್ನು ಸುಮ್ಮನೆ ಕೊಡುತ್ತಿರಲಿಲ್ಲ, ಬೆಂಗಳೂರಿನಲ್ಲಿ ಅದಕ್ಕೆ ಬೆಲೆ ಇದೆಯೆಂದು ಗೊತ್ತಾಗಿತ್ತು. ಡಬ್ಬಿಗೆ ಬೀಳುವ ಚಿಲ್ಲರೆಯೂ ನಿಂತಿತು, ಏಕೆಂದರೆ ಚಿಲ್ಲರೆಯೇ ಸಿಗುತ್ತಿರಲಿಲ್ಲ. ಸಾಹೇಬರು ವರ್ಷವೆರಡು ವರ್ಷ ಒಡೆದ ಗಾಜುಗಳನ್ನು ಉಜ್ಜಿ ಹೊಂದಿಸಿ ಹೇಗೋ ಎಳೆದರು.

ಆಗ ಬಂದವರು ಅತ್ತೆಯ ಚರಕದ ಮನೆಯ ಸಾಹುಕಾರರು. ಪ್ಯಾರಾಚೂಟಿನ ಬಟ್ಟೆಗೆಂದು ರೇಷ್ಮೆಗೆ ಯುದ್ಧದ ಬೇಡಿಕೆ ಬಂದು ಅವರ ಕೈ ತುಂಬಿತ್ತು. ಒಳ್ಳೆಯ ಮಾತಿನ ಮನುಷ್ಯ. ಸಾಹೇಬರ ಅಂಗಡಿಗೆ ತಾವೇ ಬಂದು ಸ್ಟೂಲಿನ ಮೇಲೆ ಕೂತು ಮಾತಾಡಿದರು.

"ಹೊಸಾ ಕನ್ನಡಕ ನಾನು ತರಿಸ್ಕೊಡ್ತೀನಿ ಸಾಹೇಬ್ರೆ, ಎಷ್ಟು ಬೇಕೋ ಅಷ್ಟು. ಮೊದ್ಲು ನಮ್ಮ ಚರಕದ ಹೆಂಗಸರಿಗೆ ಕೊಡಿ. ಮಿಕ್ಕಿದ್ದು ನಿಮ್ಮಿಷ್ಟ."

"ರೈಲಿನ ಖರ್ಚು?" ಎಂದರು ಸಾಹೇಬರು.

"ಅದು ಬ್ಯಾಡ. ಕಣ್ಣು ಕುಯ್ಸಿ ತಿಂಗಳುಗಟ್ಲೆ ಮಲಗ್ಸೋಕೆ ನಂಗಾಗಲ್ಲ. ಆಸ್ಪತ್ರೆಗೆ ಹೋಗೋ ಅಂಥಾ ಕಣ್ಣಾದ್ರೆ ಅವರು ಒಲೆ ಮುಂದೆ ಯಾಕೆ ಕೂರ್ಬೇಕು? ಕುದಿಯೋ ನೀರು ಸಾಹೇಬ್ರೆ. ಹೆಚ್ಚು ಕಮ್ಮಿ ಆದ್ರೆ ಯಾರು ಜವಾಬ್ದಾರಿ?"

ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟವಾಗಿತ್ತು. ಅವರು ಹೋದ ಮೇಲೆ ಸಾಹೇಬರು ಬಹಳ ಹೊತ್ತು ಒಂದು ಗಡಿಯಾರದ ಮುಚ್ಚಳ ಒರೆಸುತ್ತಿದ್ದರು. "ಮಿಕ್ಕಿದ್ದು ನಮ್ಮಿಷ್ಟ ಅಂದ್ರಲ್ಲ. ಆ ಮಿಕ್ಕಿದ್ರಾಗೆ ಸಂತೆ ನಡಸೋಣ" ಎಂದರು. ನನಗೂ ಅದೇ ಸರಿಯೆನಿಸಿತು. ಒಂದು ಕಮಿಟಿಯಾಯಿತು. ಸಾಹುಕಾರರು ಅಧ್ಯಕ್ಷರು, ನಾನು ಕಾರ್ಯದರ್ಶಿ. ಸಾಹೇಬರಿಗೆ ಯಾವ ಪದವಿಯೂ ಬೇಡವಾಗಿತ್ತು.

ಮೊದಲ ವರ್ಷ ಅರ್ಧ ಚರಕಕ್ಕೆ, ಅರ್ಧ ಸಂತೆಗೆ. ಎರಡನೆಯ ವರ್ಷ ಸಂತೆಗೆ ಉಳಿದದ್ದು ಒಂದು ಸಣ್ಣ ಪೊಟ್ಟಣ. ೧೯೪೩ರ ಹೊತ್ತಿಗೆ ಸಂತೆಗೆ ಹೋಗುವುದೇ ನಿಂತಿತು. ಪೆಟ್ರೋಲಿಲ್ಲದೆ ಇದ್ದಿಲು ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು ಮುಳಬಾಗಿಲಿನ ದಾರಿಯಲ್ಲಿ ಎಲ್ಲೆಂದರಲ್ಲಿ ನಿಲ್ಲುತ್ತಿತ್ತು. ಬಸ್ಸನ್ನು ದೂರುವುದು ಸುಲಭ. ಆದರೆ ಬಸ್ಸು ಸರಿಯಿದ್ದರೂ ಕೊಡಲು ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ಸಂತೆಯಲ್ಲಿ ನಮಗಾಗಿ ಕಾಯುತ್ತಿದ್ದವರು ಎಷ್ಟು ವಾರ ಕಾದರೋ ನನಗೆ ಗೊತ್ತಿಲ್ಲ.

ಆ ವರ್ಷವೇ ಕನ್ನಡಕದ ನಿಯಮ ಬದಲಾಯಿತು. ಹೆಂಗಸರು ಕನ್ನಡಕವನ್ನು ಮನೆಗೆ ಒಯ್ಯುತ್ತಾರೆ, ಮಕ್ಕಳು ಒಡೆಯುತ್ತವೆ, ಕೆಲಸ ಬಿಟ್ಟವರು ವಾಪಸು ಕೊಡುವುದಿಲ್ಲ ಎಂದು ಚರಕದ ಮನೆಯ ಮೇಸ್ತ್ರಿ ದೂರು ಹೇಳಿದ. ಸಾಹುಕಾರರು ಒಂದೊಂದು ಒಲೆಯ ಪಕ್ಕದ ಗೋಡೆಗೆ ಒಂದೊಂದು ಮೊಳೆ ಹೊಡೆಸಿದರು. ಕನ್ನಡಕಕ್ಕೆ ಒಲೆಯ ನಂಬರು ಬರೆಸಿದರು. ಬೆಳಿಗ್ಗೆ ಬಂದವಳು ಮೊಳೆಯಿಂದ ತೆಗೆದು ಹಾಕಿಕೊಳ್ಳಬೇಕು, ಸಂಜೆ ಅಲ್ಲೇ ನೇತುಹಾಕಿ ಹೋಗಬೇಕು. ಅಂದಿನಿಂದ ಕನ್ನಡಕ ಆಯಾ ಒಲೆಯದಾಯಿತು. ಆ ಒಲೆಯ ಮುಂದೆ ಯಾರು ಕೂತರೂ ಅದೇ ಗಾಜು.

ಸಾಹೇಬರು ಅದನ್ನು ಕಂಡು ನಿಂತಲ್ಲೇ ನಿಂತರು. "ಇದೇನ್ ಚಪ್ಪಲಿನಾ, ಬಾಗ್ಲಲ್ಲಿ ಬಿಟ್ಟು ಹೋಗೋಕೆ?" ಎಂದರು.

ಒಬ್ಬ ಹೆಂಗಸು ನಗುತ್ತ, "ಚಪ್ಪಲಿ ಆದ್ರೆ ಕಾಲಿಗೆ ಕಚ್ತದೆ ಸಾಯಬ್ರೇ, ಗೊತ್ತಾಗ್ತದೆ. ಇದು ಕಚ್ಚಾಕಿಲ್ಲ" ಎಂದಳು. ಎಲ್ಲರೂ ನಕ್ಕರು, ಅತ್ತೆಯೂ ನಕ್ಕಳು.

ಆ ದಿನ ನಾವು ಹೋದದ್ದು ವರ್ಷದ ತಪಾಸಣೆಗೆ. ಅಕ್ಕಿ ತಟ್ಟೆ ಹೋಗಿ ಅದರ ಬದಲು ಎಳೆಯನ್ನೇ ಪರೀಕ್ಷೆಯಾಗಿ ಇಟ್ಟಿದ್ದರು. ಹತ್ತು ಗೂಡು ಬಿಡುವುದು, ಹತ್ತರ ತುದಿಯನ್ನೂ ಹಿಡಿದು ಕೊಟ್ಟರೆ ಕಣ್ಣು ಸರಿ. ಎಲ್ಲರೂ ಹಿಡಿದರು. ಅತ್ತೆ ಎಲ್ಲರಿಗಿಂತ ಬೇಗ ಹಿಡಿದಳು. ಮೇಸ್ತ್ರಿ "ಅಜ್ಜಿ ಕಣ್ಣು ಗರುಡನ ಕಣ್ಣು" ಎಂದ. ನಾನು ಬರೆಯಲು ಹೊರಟಾಗ ಸಾಹೇಬರು ಕೈ ಅಡ್ಡ ಹಿಡಿದರು. ಅತ್ತೆ ಕೆಲಸ ಮಾಡುವಾಗ ನೀರನ್ನು ನೋಡುತ್ತಲೇ ಇರಲಿಲ್ಲ, ಗೋಡೆಯ ಕಡೆ ಮುಖ ಮಾಡಿ ಪಕ್ಕದವಳ ಜೊತೆ ಮಾತಾಡುತ್ತಿದ್ದಳು ಎನ್ನುವುದನ್ನು ಅವರು ಗಮನಿಸಿದ್ದರು. ಹೋಗಿ ಅವಳ ಪಕ್ಕಕ್ಕೆ ನಿಂತು, ಕೈಯನ್ನು ಅವಳ ಕಿವಿಯ ಮಟ್ಟಕ್ಕೆ ಎತ್ತಿ ಹಿಡಿದು, ನಿಧಾನವಾಗಿ ಮುಂದೆ ತಂದರು.

"ಅಕ್ಕಾ, ನನ್ ಕೈ ಎಲ್ಲೈತೆ?"

"ನಿಮ್ ಕೈ ನಿಮ್ ಹತ್ರಾನೇ ಇರ್ತೈತೆ ಸಾಯಬ್ರೇ, ನಾನೇನ್ ಕದ್ದೆನಾ?"

ಕೈ ಅವಳ ಕೆನ್ನೆಯ ನೇರಕ್ಕೆ ಬಂದಿತ್ತು. ಇನ್ನೂ ಮುಂದೆ ಬಂತು. ಮೂಗಿನ ನೇರಕ್ಕೆ ಬರುವ ತನಕ ಅವಳು ತಿರುಗಲಿಲ್ಲ.

ಹೊರಗೆ ಮಾವಿನ ಮರದ ಕೆಳಗೆ ಸಾಹೇಬರು ಕೂತುಬಿಟ್ಟರು. "ಬೆರಳು ಬೇಟಾ. ಎಲ್ಲಾ ಬೆರಳು. ಮೂವತ್ತು ವರ್ಷ ಎಳೆ ಹಿಡಿದೋಳಿಗೆ ಕಣ್ಣು ಯಾತಕ್ಕೆ ಬೇಕು? ಅಕ್ಕಿ ಕಲ್ಲೂ ಅಷ್ಟೇ. ನಾವು ಇಷ್ಟು ವರ್ಷ ಬೆರಳಿಗೆ ಕನ್ನಡಕ ಕೊಟ್ಟಿದೀವಿ." ಆ ತಟ್ಟೆಯ ಉಪಾಯ ಅವರದೇ. ಹೆಂಗಸರಿಂದ ಹೆಂಗಸರು ಮಾಡುವ ಕೆಲಸವನ್ನೇ ಮಾಡಿಸಿ ನೋಡಬೇಕೆಂದು ಎಷ್ಟೋ ಹೆಮ್ಮೆಯಿಂದ ಕಂಡುಕೊಂಡದ್ದು. ಗಂಡಸರು ಕಲ್ಲು ಆರಿಸಲಾರದೆ ಬೆಂಗಳೂರಿಗೆ ಹೋದರು, ಹೆಂಗಸರು ಆರಿಸಿ ಮನೆಗೆ ಹೋದರು. ರೈಲು ಹತ್ತಿದವರಲ್ಲಿ ಹೆಂಗಸರು ಎಷ್ಟು ಕಡಿಮೆ ಎನ್ನುವುದು ನನ್ನ ಲೆಕ್ಕದಲ್ಲಿ ಮೊದಲಿನಿಂದಲೂ ಇತ್ತು. ಹೆಂಗಸರ ಕಣ್ಣು ಗಟ್ಟಿ ಎಂದು ನಾವಿಬ್ಬರೂ ತಿಳಿದಿದ್ದೆವು.

ಆ ಸಂಜೆ ಅತ್ತೆಯ ಮನೆಯಲ್ಲಿ ನಾನು ಕೇಳಿದೆ. "ಅತ್ತೆ, ನಿಂಗೆ ಕಾಣ್ಸತ್ತಾ ಇಲ್ವಾ? ನಿಜ ಹೇಳು."

"ಎದುರಿಗಿರೋದು ಕಾಣ್ತೈತಪ್ಪಾ. ಪಕ್ಕದ್ದು ಕಾಣಾಕಿಲ್ಲ. ಪಕ್ಕದ್ದು ನಂಗ್ಯಾಕೆ?"

"ಬೆಂಗಳೂರಿಗೆ ಹೋಗೋಣ. ದುಡ್ಡು ನಾನು ಹಾಕ್ತೀನಿ."

"ದುಡ್ಡಿನ ಮಾತಲ್ಲ ಕಣೋ. ಆಸ್ಪತ್ರೆಗೆ ಹೋದೋಳು ಅಂತ ತಿಳಿದ್ರೆ ಒಲೆ ಹೋಯ್ತು. ಆ ಮೇಸ್ತ್ರಿ ನಾದಿನಿ ನನ್ ಜಾಗದ ಮೇಲೇ ಕಣ್ಣಿಟ್ಟವಳೆ. ಅವಳ್ದು ಒಳ್ಳೇ ಕಣ್ಣು ನೋಡು, ದೂರದಿಂದ್ಲೂ ಕಾಣ್ತೈತೆ" ಎಂದು ತಾನೇ ನಕ್ಕಳು. ಆಮೇಲೆ ನಗು ಬಿಟ್ಟು, "ಒಲೆ ಬಿಟ್ಟು ನಿಮ್ಮನೇಲಿ ಮೂಲೇಲಿ ಕೂತು ಉಣ್ಣು ಅಂತೀಯಾ? ಅದೊಂದು ಹೇಳ್ಬೇಡ" ಎಂದಳು.

ಸಾಹೇಬರೂ ನಾನೂ ಸಾಹುಕಾರರ ಮನೆಗೆ ಹೋದೆವು. ಆಸ್ಪತ್ರೆಗೆ ಹೋಗಿ ಬರುವ ತನಕ ಒಬ್ಬಳ ಒಲೆಯನ್ನು ಕಾಯ್ದಿಡಬೇಕೆಂದು ಕೇಳಿದೆವು. ಅವರು ಕಾಫಿ ಕೊಟ್ಟರು. ಕಣ್ಣು ಸರಿಯಿದೆಯೆಂದು ಡಾಕ್ಟರ ಕಾಗದ ತಂದರೆ ಅಗತ್ಯವಾಗಿ ಕಾಯ್ದಿಡುವುದಾಗಿ ಹೇಳಿದರು. ಸರಿಯಿಲ್ಲದ್ದರಿಂದಲೇ ಅಲ್ಲವೇ ಹೋಗುವುದು ಎಂದೆ ನಾನು.

"ನೋಡಪ್ಪ, ನೀನೇ ಹೇಳಿಬಿಟ್ಟೆ" ಎಂದರು.

ನನ್ನ ಮುಂದೆ ಇದ್ದದ್ದು ಎರಡೇ ದಾರಿ. ಮೇಸ್ತ್ರಿಗೆ ಹೇಳಿ ಅವಳನ್ನು ಒಲೆಯಿಂದ ಎಬ್ಬಿಸಿ ಬಲವಂತವಾಗಿ ಕರೆದೊಯ್ಯುವುದು, ಅಥವಾ ಅವಳು ಹೇಳಿದಂತೆ ಕೇಳುವುದು. ಸಾಹೇಬರು ಮೊದಲನೆಯದನ್ನೇ ಮಾಡು ಎಂದರು. ಅತ್ತೆ, ಹಾಗೇನಾದರೂ ಮಾಡಿದರೆ ನನ್ನ ಮುಖ ನೋಡುವುದಿಲ್ಲ ಎಂದಳು. ಈ ಸುಗ್ಗಿ ಕಳೆಯಲಿ ಎಂದಳು. ಸುಗ್ಗಿಗಳು ಕಳೆದವು. ಪ್ರತಿ ಸಲ ನಾನು ಹೋದಾಗ ಅವಳು ಬಾಗಿಲ ಚೌಕಟ್ಟನ್ನು ಮುಟ್ಟಿ ಒಳಗೆ ಬರುವುದು ಸ್ವಲ್ಪ ಹೆಚ್ಚಾಗಿರುತ್ತಿತ್ತು. ಎಳೆ ಮಾತ್ರ ಕಡಿಯುತ್ತಿರಲಿಲ್ಲ.

ಕಮಿಟಿಯ ಮುಂದಿನ ಸಭೆಯಲ್ಲಿ ನಮ್ಮ ಧರ್ಮದ ಉದ್ದೇಶವನ್ನು 'ದೃಷ್ಟಿ ಕುಂದಿದ ಬಡವರಿಗೆ' ಎಂಬುದರಿಂದ 'ರೇಷ್ಮೆ ಕೆಲಸದವರಿಗೆ' ಎಂದು ತಿದ್ದಲಾಯಿತು. ತಿದ್ದಿ ಬರೆದವನು ಕಾರ್ಯದರ್ಶಿ, ಅಂದರೆ ನಾನೇ. ವಾಸ್ತವವಾಗಿ ಆಗಲೇ ಆಗಿಹೋಗಿದ್ದುದನ್ನು ಬರೆದದ್ದು, ಅಷ್ಟೆ. ಸಾಹೇಬರು ಆಮೇಲೆ ಸಭೆಗೆ ಬರಲಿಲ್ಲ.

೧೯೪೫ರಲ್ಲಿ ಯುದ್ಧ ಮುಗಿಯಿತು. ಕೆಲವು ತಿಂಗಳಲ್ಲಿ ರೇಷ್ಮೆ ಕೇಳುವವರಿಲ್ಲದಾಯಿತು. ಸಾಹುಕಾರರು ಚರಕದ ಮನೆಯನ್ನು ಮುಚ್ಚಿ ಮಾರಿದರು. ಬಾಣಲೆ, ಚರಕಗಳ ಜೊತೆಗೆ ಮೊಳೆಯಲ್ಲಿದ್ದ ಕನ್ನಡಕಗಳೂ ಹೋದವು. ಕಮಿಟಿ ಸಭೆ ಸೇರಲಿಲ್ಲ, ಬರಖಾಸ್ತೂ ಆಗಲಿಲ್ಲ. ಅದಕ್ಕೆ ನಾನು ಈಗಲೂ ಕಾರ್ಯದರ್ಶಿಯೇ ಇರಬೇಕು.

ಕಳೆದುಕೊಳ್ಳಲು ಒಲೆಯೇ ಇಲ್ಲದಾಗ ಅತ್ತೆ, "ಈಗ ಬೇಕಾದ್ರೆ ನಡಿ" ಎಂದಳು. ಶ್ರೀನಿವಾಸಪುರದಿಂದ ಸಣ್ಣ ರೈಲಿನಲ್ಲಿ ಹೊರಟು, ದೊಡ್ಡ ರೈಲಿಗೆ ಬದಲಾಯಿಸಿ ಹೋದೆವು. ಮಾಲೂರಿನಲ್ಲಿ ಸಾಹೇಬರು ಪ್ಲಾಟ್‌ಫಾರಮ್ಮಿನ ಮೇಲೆ ಕಾದಿದ್ದು ನಮ್ಮ ಜೊತೆ ಹತ್ತಿದರು. ಕಿಟಕಿಯ ಪಕ್ಕ ಕೂತ ಅತ್ತೆ ದಾರಿಯುದ್ದಕ್ಕೂ ಹೊರಗೆ ಏನಿದೆ ಎಂದು ಕೇಳುತ್ತಿದ್ದಳು, ನಾನು ಹೇಳುತ್ತಿದ್ದೆ.

ಆಸ್ಪತ್ರೆಯ ಡಾಕ್ಟರು ವಯಸ್ಸಾದವರು, ಸಮಾಧಾನಿ. ಕಣ್ಣನ್ನು ಬೆರಳಿನಿಂದ ಒತ್ತಿ ನೋಡಿದರು, ದೀಪ ಹಿಡಿದು ನೋಡಿದರು. ಇದು ಪೊರೆಯಲ್ಲ, ಕುಯ್ಯಲು ಏನೂ ಇಲ್ಲ, ಕಣ್ಣೊಳಗಿನ ಒತ್ತಡ ಹೆಚ್ಚಿ ಹಿಂದಿನ ನರ ಒಣಗಿದೆ ಎಂದರು. ಎರಡು ಮೂರು ವರ್ಷದ ಹಿಂದೆ ಬಂದಿದ್ದರೆ ಇದ್ದಷ್ಟನ್ನು ಉಳಿಸಬಹುದಿತ್ತಂತೆ. ಆಮೇಲೆ ಅತ್ತೆಯನ್ನು ಕೇಳಿದರು.

"ಅಮ್ಮ, ಮೊದಮೊದಲು ದೀಪದ ಸುತ್ತ ಬಣ್ಣಬಣ್ಣದ ಬಳೆ ಕಾಣ್ತಿತ್ತಾ?"

"ಕಾಣ್ತಿತ್ತು ಸ್ವಾಮಿ, ಬಾಳ ದಿನ. ಚೆನ್ನಾಗಿರ್ತಿತ್ತು."

"ಯಾರ್ಗೂ ಹೇಳಲಿಲ್ವಾ?"

"ಏನಂತ ಹೇಳ್ಲಿ? ನಮ್ ಚರಕದ ಮನೇಲಿ ಇನ್ನೂ ಮೂರ್ನಾಲ್ಕು ಜನಕ್ಕೆ ಕಾಣ್ತಿತ್ತು. ಎಲ್ಲಾರ್ಗೂ ಹಂಗೇ ಅಂದ್ಕೊಂಡಿದ್ವಿ."

ಡಾಕ್ಟರು ನಮ್ಮ ಕಡೆ ನೋಡಿದರು. ಆ ಮೂರ್ನಾಲ್ಕು ಜನ ಎಲ್ಲಿದ್ದಾರೆ ಎಂದು ಕೇಳಿದರು. ಚರಕದ ಮನೆ ಮುಚ್ಚಿದ ಮೇಲೆ ಅವರು ಎಲ್ಲೆಲ್ಲಿಗೋ ಹೋಗಿದ್ದರು. ಸಾಹೇಬರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನನ್ನ ಬಳಿ ಇದ್ದದ್ದು ಒಲೆಯ ನಂಬರುಗಳು ಮಾತ್ರ.

ಅತ್ತೆ ಈಗ ಕೋಲಾರದಲ್ಲಿ ನಮ್ಮ ಮನೆಯಲ್ಲಿದ್ದಾಳೆ. ಬೆಳಕು ಕತ್ತಲೆಯ ಭೇದವೂ ಈ ಬೇಸಿಗೆಯಿಂದ ಹೋಗಿದೆ. ಸಾಹೇಬರು ಗಡಿಯಾರ ರಿಪೇರಿ ಮಾತ್ರ ಮಾಡುತ್ತಾರೆ. ಯಾರಾದರೂ ಕನ್ನಡಕ ತಂದರೆ ಬೇರೆ ಅಂಗಡಿ ತೋರಿಸುತ್ತಾರೆ. ರಜಾದಿನಗಳಲ್ಲಿ ನಾನು ಶ್ರೀನಿವಾಸಪುರದ ಸುತ್ತಲ ಊರುಗಳಿಗೆ ಹೋಗಿ ಆ ಹೆಂಗಸರನ್ನು ಹುಡುಕಿದ್ದೇನೆ. ಇದುವರೆಗೆ ಒಬ್ಬಳು ಸಿಕ್ಕಿದ್ದಾಳೆ. ಅವಳ ಸೊಸೆ ಅವಳ ಕೈ ಹಿಡಿದುಕೊಂಡು ಬಾಗಿಲಿಗೆ ಕರೆತಂದಳು.

೧೯೩೬ರಿಂದ ೧೯೪೫ರ ಒಳಗೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಸಂತೆಗಳಲ್ಲಿ ನಮ್ಮಿಂದ ಕನ್ನಡಕ ಪಡೆದ ಹೆಂಗಸರು, ಆ ಚರಕದ ಮನೆಯ ಒಲೆಗಳ ಮುಂದೆ ಕೂತಿದ್ದವರು ಎಲ್ಲಿದ್ದಾರೆಂದು ಬಲ್ಲವರು ದಯವಿಟ್ಟು ಈ ಪತ್ರಿಕೆಗೆ ಬರೆದು ತಿಳಿಸಿ. ಕಲ್ಲು ಆರಿಸುತ್ತಾರೆ, ದಾರ ಪೋಣಿಸುತ್ತಾರೆ, ಕಣ್ಣು ಚೆನ್ನಾಗಿದೆ ಎಂದು ಬಿಡಬೇಡಿ. ಪಕ್ಕದಲ್ಲಿ ನಿಂತು ಕೈಯೆತ್ತಿ, ಕಾಣುತ್ತದೆಯೇ ಎಂದು ಒಮ್ಮೆ ಕೇಳಿ ನೋಡಿ. ಕಾಣುವುದಿಲ್ಲವೆಂದರೆ ಅದನ್ನೂ ಬರೆಯಿರಿ. ಬಂದು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ಹೋಗಿ ಪ್ರಯೋಜನವಾಗುತ್ತದೆಂದು ಮಾತ್ರ ನಾನು ಹೇಳಲಾರೆ.